ನೀರಿನ ಗುಳಿಗೆಯೂ ನನ್ನ ಬುದ್ಧಿಮಾತೂ

ಹುನಗುಂದದಿಂದ ಬಾಗಲಕೋಟೆಯವರೆಗೆ, ಅಲ್ಲಿಂದ ಬಾದಾಮಿಯವರೆಗೆ ಎಲ್ಲೆಲ್ಲಿ ಮೂತ್ರಾಲಯಗಳಿವೆ, ಯಾವುದಕ್ಕೆ ಬಾಗಿಲಿದೆ, ಯಾವ ಬಾಗಿಲಿಗೆ ಚಿಲಕವಿಲ್ಲ ಎಂಬುದನ್ನು ನನ್ನಷ್ಟು ಬಲ್ಲವರು ಈ ಜಿಲ್ಲೆಯಲ್ಲಿ ಇರಲಾರರು. ಈ ಪಾಂಡಿತ್ಯ ನನಗೆ ಬಂದದ್ದು ಒಂದು ಪುಟ್ಟ ಬಿಳಿ ಗುಳಿಗೆಯಿಂದ. ರಕ್ತದೊತ್ತಡ ಇಳಿಸಲು ಡಾಕ್ಟರು ಬರೆದುಕೊಟ್ಟದ್ದು. ಮೈಯಲ್ಲಿರುವ ಹೆಚ್ಚಿನ ಉಪ್ಪನ್ನೂ ನೀರನ್ನೂ ಮೂತ್ರದ ದಾರಿಯಲ್ಲಿ ಹೊರಗೆ ಕಳಿಸುವುದು ಅದರ ಕೆಲಸ. ನಮ್ಮ ಕಡೆ ಅದನ್ನು ನೀರಿನ ಗುಳಿಗೆ ಎನ್ನುತ್ತಾರೆ. ಬೆಳಿಗ್ಗೆ ನುಂಗಿದರೆ ಹೊತ್ತಿಗೆ ಸರಿಯಾಗಿ ಕೆಲಸ ಶುರು ಮಾಡುತ್ತದೆ. ನಮ್ಮ ಬಸ್ಸುಗಳಿಗೆ ಇಲ್ಲದ ಸಮಯಪಾಲನೆ ಅದಕ್ಕಿದೆ.

ಒಮ್ಮೆ ನೆಂಟರೊಬ್ಬರಿಗೆ ಬಾದಾಮಿಯ ಗುಹೆ ತೋರಿಸಲು ಹೋದಾಗ ಹದಿನೆಂಟು ಕೈಯ ನಟರಾಜನ ಮುಂದೆ ನಿಂತು ನಾನು ಚಾಲುಕ್ಯರ ಶಿಲ್ಪಕಲೆಯನ್ನು ವರ್ಣಿಸುತ್ತಿದ್ದೆ. ನಡುವೆಯೇ ಗುಳಿಗೆ ಕರೆ ಕಳಿಸಿತು. ಇಷ್ಟೆಲ್ಲ ಕೆತ್ತಿದ ಮಹಾನುಭಾವರು ಪಕ್ಕದಲ್ಲೊಂದು ಮರೆ ಯಾಕೆ ಕೆತ್ತಲಿಲ್ಲವೆಂದು ಶಪಿಸುತ್ತ ಮೆಟ್ಟಿಲಿಳಿದೆ. ಆ ದಿನವೇ ನನ್ನ ತಲೆಗೊಂದು ಉಪಾಯ ಹೊಳೆಯಿತು. ಗುಳಿಗೆ ಬಿಡುವುದು ಬೇಡ, ನೀರು ಬಿಟ್ಟರಾಯಿತು! ಊರಿಗೆ ಹೊರಡುವ ದಿನ ಗುಳಿಗೆ ನುಂಗಲು ಒಂದು ಗುಟುಕು, ಆಮೇಲೆ ಮನೆ ಸೇರುವವರೆಗೆ ಏನೂ ಇಲ್ಲ. ಬಸ್ಸಿನಿಂದ ಇಳಿಯುವಾಗ ಒಂದೆರಡು ಸಲ ತಲೆ ತಿರುಗಿದ್ದುಂಟು. ಆ ತಪ್ಪನ್ನು ಬಸ್ಸಿನ ಮೇಲೆಯೇ ಹಾಕಿದೆ.

ನಾನು ಕೋರ್ಟಿನಲ್ಲಿ ಗುಮಾಸ್ತನಾಗಿದ್ದವನು. ಬೇರೆಯವರ ಹೇಳಿಕೆಗಳನ್ನು ಬರೆದುಕೊಳ್ಳುತ್ತಲೇ ನನ್ನ ನೌಕರಿ ಮುಗಿಯಿತು. ಅಷ್ಟು ವರ್ಷ ನನ್ನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ನಿವೃತ್ತನಾದ ಮೇಲೆ ಕೂಡಿಟ್ಟದ್ದನ್ನೆಲ್ಲ ಧಾರಾಳವಾಗಿ ಹಂಚತೊಡಗಿದೆ. ಬೇರೆಯವರು ಕೇಳಿ ನಕ್ಕು ಮರೆಯುತ್ತಿದ್ದರು. ಮರೆಯದವಳು ಒಬ್ಬಳೇ, ಇಳಕಲ್ಲಿನಲ್ಲಿರುವ ನನ್ನ ಅಕ್ಕ ಗಂಗವ್ವ.

ಅಕ್ಕ ಸಾಲಿಯ ಮುಖ ಕಂಡವಳಲ್ಲ. ಹತ್ತನೆಯ ವಯಸ್ಸಿಗೇ ಮಗ್ಗಕ್ಕೆ ಕೂತಳು, ನನ್ನನ್ನು ಓದಲು ಕಳಿಸಿದಳು. ಓದಿದ ತಮ್ಮ ಹೇಳಿದ್ದೆಂದರೆ ಅವಳಿಗೆ ಅದೇ ಕಾಯಿದೆ. ಅವಳದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಅಂಚಿನ ಮೇಲೆ ಕೂತು ನೇಯಬೇಕು. ಮೊಣಕಾಲು ಸವೆದವರಿಗೆ ಆ ಕುಣಿಯಿಂದ ಮೇಲೇಳುವುದೆಂದರೆ ಅರ್ಧ ದಿನದ ದಣಿವು. ಹೋದ ಬೇಸಿಗೆಯಲ್ಲಿ ಅವಳಿಗೂ ಬಿಪಿ ಎಂದಾಯಿತು, ನೀರಿನ ಗುಳಿಗೆಯೂ ಬಂತು. ಡಾಕ್ಟರು ನೆಟ್ಟಗೇ ಹೇಳಿದ್ದರಂತೆ: ಮುಂಜಾನೆ ಒಂದು, ನೀರು ಕುಡಿಯುವುದು ಬಿಡಬೇಡಿ, ವಾಂತಿ ಭೇದಿಯಾದರೆ ತಿಳಿಸಿ, ಕೇಳದೆ ನೋವಿನ ಗುಳಿಗೆ ತಗೋಬೇಡಿ, ಕೆಲವು ವಾರದ ಮೇಲೆ ರಕ್ತ ತೋರಿಸಿ.

ಅಕ್ಕ ಫೋನು ಮಾಡಿದಳು. ಗಳಿಗೆಗೊಮ್ಮೆ ಕುಣಿಯಿಂದ ಏಳಬೇಕಾಗಿದೆ, ಸೆರಗಿನ ಕೆಲಸ ಕೆಡುತ್ತಿದೆ, ಗುಳಿಗೆ ಬಿಟ್ಟುಬಿಡಲೇ ಎಂದು ಕೇಳಿದಳು. ಗುಳಿಗೆ ಬಿಟ್ಟರೆ ಲಕ್ವ ಹೊಡೆಯುತ್ತದೆಂದು ನಾನು ಗದರಿಸಿದೆ. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಒಳ್ಳೆಯ ತಮ್ಮನಾಗಿ ಉಳಿಯುತ್ತಿದ್ದೆ. ನಿಲ್ಲಿಸಲಿಲ್ಲ.

"ಗುಳಗಿ ತಪ್ಪಸಬ್ಯಾಡ ಅಕ್ಕಾ. ಮಗ್ಗಕ್ಕ ಕುಂತಾಗ ನೀರ ಕುಡೀಬ್ಯಾಡ, ಅಷ್ಟ. ನಾನೂ ಹಂಗ ಮಾಡ್ತೇನಿ" ಎಂದೆ. ರಕ್ತ ತಪಾಸಣೆಯ ಮಾತು ಬಂದಾಗ ಅದೆಲ್ಲ ಡಾಕ್ಟರುಗಳ ಚಟ, ಸಾವಕಾಶ ನೋಡೋಣ ಎಂದೂ ಸೇರಿಸಿದೆ. ಫೋನು ಇಟ್ಟ ಮೇಲೆ ಹೆಂಡತಿಯ ಮುಂದೆ, ಅಕ್ಕ ಗುಳಿಗೆ ಬಿಡದಂತೆ ಮಾಡಿದೆ ನೋಡು ಎಂದು ಬೀಗಿದ್ದೂ ಉಂಟು.

ನಾನು ಆ ಉಪಾಯ ಮಾಡುತ್ತಿದ್ದದ್ದು ತಿಂಗಳಿಗೊಂದೆರಡು ದಿನ. ಅಕ್ಕ ಮಗ್ಗಕ್ಕೆ ಕೂರುವುದು ದಿನಾಲು. ಈ ಲೆಕ್ಕ ನನಗೆ ಹೊಳೆಯಲೇ ಇಲ್ಲ. ಹೊರಗೆ ಇಳಕಲ್ಲಿನ ಮೇ ತಿಂಗಳ ಬಿಸಿಲು, ಮೇಲೆ ತಗಡು, ಒಳಗೆ ಗುಳಿಗೆ ನೀರು ಹಿಂಡುತ್ತಿದೆ. ಜೊತೆಗೆ ಮೊಣಕಾಲಿಗೆಂದು ಅಂಗಡಿಯಿಂದ ತಂದ ನೋವಿನ ಗುಳಿಗೆ ಬೇರೆ. ಎರಡು ವಾರವಾಗುವಷ್ಟರಲ್ಲಿ ಒಂದು ಮಧ್ಯಾಹ್ನ ಲಾಳಿಯ ಸದ್ದು ನಿಂತಿತು. ಅವಳ ಸೊಸೆ ಶಾರದಾ ಬಂದು ನೋಡಿದರೆ ಅಕ್ಕ ನೇಯ್ದ ಬಟ್ಟೆಯ ಮೇಲೆ ಮುಖವಿಟ್ಟು ಬಿದ್ದಿದ್ದಳು. ಕಾಲು ಕುಣಿಯಲ್ಲೇ ಇದ್ದವು. ಮೇಲೆತ್ತಲು ನಾಲ್ಕು ಜನ ಬೇಕಾಯಿತಂತೆ.

ಬಾಗಲಕೋಟೆಯ ದವಾಖಾನೆಗೆ ನಾನು ಮುಟ್ಟುವಾಗ ಅವಳಿಗೆ ನನ್ನ ಗುರುತು ಹತ್ತಲಿಲ್ಲ. ನಾಲಿಗೆ ಒಣಗಿ ಬಿರಿದಿತ್ತು. ರಕ್ತದಲ್ಲಿ ಲವಣಗಳು ಏರುಪೇರಾಗಿವೆ, ಕಿಡ್ನಿ ಕೆಲಸ ನಿಲ್ಲಿಸುತ್ತಿವೆ, ಈ ರಾತ್ರಿ ಕಳೆಯಬೇಕು ಎಂದರು ವಯಸ್ಸಿನಲ್ಲಿ ಚಿಕ್ಕವರಾದ ಡಾಕ್ಟರಮ್ಮ. ಭೇದಿಯಾಗಿತ್ತೇ, ಜ್ವರವಿತ್ತೇ, ಇಷ್ಟು ಒಣಗಿದ್ದು ಹೇಗೆ ಎಂದು ಒಂದೊಂದಾಗಿ ಕೇಳಿದರು. ಶಾರದಾ ನನ್ನ ಕಡೆ ನೋಡಿದಳು. ನಾನು ಗೋಡೆಯ ಮೇಲಿನ ಕೈತೊಳೆಯುವ ಚಿತ್ರಗಳನ್ನು ಓದುತ್ತ ನಿಂತೆ. ಸಾಕ್ಷಿ ಹೇಳುವಾಗ ಬಾಯಿ ಕಟ್ಟಿದ ಎಷ್ಟೋ ಜನರನ್ನು ನೋಡಿ ಒಳಗೊಳಗೇ ನಕ್ಕಿದ್ದೇನೆ. ಅಂದು ನನಗೆ ಅವರೆಲ್ಲರ ಮೇಲೆ ಕರುಣೆ ಬಂತು.

"ನಾನ ಹೇಳಿದ್ದೆ ರೀ, ನೀರ ಕುಡೀಬ್ಯಾಡ ಅಂತ" ಎಂದೆ ಕೊನೆಗೆ.

ಡಾಕ್ಟರಮ್ಮ ಬಯ್ಯಲಿಲ್ಲ. ನೋವಿನ ಗುಳಿಗೆಯ ಬಗ್ಗೆಯೂ ಕೇಳಿ ಎಲ್ಲವನ್ನೂ ಬರೆದುಕೊಂಡರು. ನನ್ನ ಹೇಳಿಕೆಯನ್ನು ಇನ್ನೊಬ್ಬರು ಬರೆದುಕೊಳ್ಳುವುದನ್ನು ನಾನು ನೋಡಿದ್ದು ಅದೇ ಮೊದಲು. ನನ್ನಿಂದ ಅಕ್ಕ ಸಾಯುತ್ತಾಳೆ ಎಂಬ ಒಂದೇ ಮಾತು ಬೆಳಗಿನವರೆಗೂ ತಲೆಯಲ್ಲಿ ಕೂತಿತ್ತು.

ಅಕ್ಕ ಸಾಯಲಿಲ್ಲ. ಆದರೆ ಕಿಡ್ನಿ ಮೊದಲಿನಂತೆ ಆಗಲಿಲ್ಲ. ಇನ್ನು ಆಗುವುದೂ ಇಲ್ಲವಂತೆ. ಮತ್ತೆ ಕುಣಿಗೆ ಇಳಿಯುವ ಶಕ್ತಿ ಬರಲಿಲ್ಲ. ಅರ್ಧ ನೇಯ್ದ ಸೀರೆಯನ್ನು ಬೇರೆಯವರು ಮುಗಿಸಿದರು. ಗುಳಿಗೆಯನ್ನು ಡಾಕ್ಟರೇ ಬದಲಿಸಿದರು, ದಿನಕ್ಕೆಷ್ಟು ನೀರೆಂದು ಅಳತೆಯನ್ನೂ ಹೇಳಿದರು. ನಾನು ಇಂದಿಗೂ ನನ್ನ ಬಿಳಿ ಗುಳಿಗೆಯನ್ನೇ ನುಂಗುತ್ತೇನೆ, ನೀರು ಕುಡಿಯುತ್ತೇನೆ, ಹೇಳಿದ ಹೊತ್ತಿಗೆ ರಕ್ತ ಕೊಟ್ಟು ಬರುತ್ತೇನೆ. ಗುಳಿಗೆ ಕೆಟ್ಟದ್ದಲ್ಲ. ಅದರ ಜೊತೆಗೆ ನಾನು ಕೊಟ್ಟದ್ದು ಕೆಟ್ಟದ್ದು.

ಮನೆಗೆ ಕರೆತಂದ ಮೇಲೆ ಅಕ್ಕನ ಮಗ್ಗುಲಲ್ಲಿ ಕೂತು, ನಾನು ಹೇಳಿದ್ದು ತಪ್ಪಾಗಿತ್ತು, ನಿನಗೆ ಹೀಗಾದದ್ದು ನನ್ನಿಂದ ಎಂದೆ. ಹೇಳುವಾಗ ಅಳು ಬಂತು. ಅವಳು ನನ್ನ ಕೈ ಹಿಡಿದಳು.

"ನೀ ಬರೋಬ್ಬರಿನ ಹೇಳಿದ್ದಿ ತಮ್ಮಾ. ತಪ್ಪ ನಂದ ಐತಿ. ಆವತ್ತ ಬಿಸಲ ತಾಳಲಾರದ, ಶಾರದಾಗ ಕಾಣಧಂಗ ಅರ್ಧ ತಂಬಿಗಿ ನೀರ ಕುಡದ್ನಿ. ಅದಕ್ಕ ಹಿಂಗಾತು."

ಆ ಅರ್ಧ ತಂಬಿಗೆ ನೀರೇ ನಿನ್ನನ್ನು ಉಳಿಸಿರಬೇಕು ಎಂದು ನಾನು ಎಷ್ಟು ಬಗೆಯಲ್ಲಿ ಹೇಳಿದರೂ ಅವಳು ತಲೆ ಅಲ್ಲಾಡಿಸಿದಳು. ಇಷ್ಟು ವರ್ಷಗಳಲ್ಲಿ ಅಕ್ಕ ನನ್ನ ಮಾತನ್ನು ನಂಬದೆ ಹೋದದ್ದು ಅದೊಂದೇ ಸಲ.