ಸ್ಟಿಯರಿಂಗ್ ಮುಟ್ಟಬಾರದು ಅಂತ ಬರದ ಚೀಟಿ

ನಾ ಬಸ್ ಡ್ರೈವರ್. ಯಾವ ಡಿಪೋ ಅಂತ ಕೇಳಬ್ಯಾಡ್ರಿ, ಇನ್ನೂ ಸರ್ವಿಸ್ ಅದ. ಪ್ಯಾಸೆಂಜರ್ ಹಿಂದಿಂದ ಒದರಿದ್ರ ಸಾಕು, ನನ್ನ ಕೈ ನಡಗಾಕತ್ತಿದ್ವು. ನಮ್ಮ ಡಿಪೋ ಸಾಹೇಬ್ರು, "ಕೆಲಸದ ಒತ್ತಡ ಇರಬೇಕು, ರಾಯಚೂರಾಗ ಡಾಕ್ಟರಿಗೆ ತೋರಸು" ಅಂತ ಕಾಗದ ಕೊಟ್ರು. ರಜಾ ಕೇಳಿದೆ.

"ರಜಾ ಯಾಕೋ? ರಾಯಚೂರು ಟ್ರಿಪ್ ನಿಂದೇ ಅದಲ್ಲ. ಬಸ್ ನಿಲ್ಲಿಸಿ ತೋರಿಸ್ಕೊಂಡು ಬಾ" ಅಂದ್ರು.

ಡಾಕ್ಟರಮ್ಮ ಎಲ್ಲಾ ಸಮಾಧಾನದಿಂದ ಕೇಳಿ, "ಹದಿನೈದು ದಿನ ಸ್ಟಿಯರಿಂಗ್ ಮುಟ್ಟಬಾರದು" ಅಂತ ಚೀಟಿ ಬರದ್ರು. ಸಾಹೇಬ್ರಿಗೆ ಫೋನ್ ಹಚ್ಚಿದೆ.

"ಆಯ್ತು, ನಾಳಿಂದ ಮುಟ್ಟಬ್ಯಾಡ. ಈಗ ಬಸ್ ತಗೊಂಡು ಬಾ."

ಏನ್ ಮಾಡ್ಲಿ? ಹತ್ತಿ ಕುಂತೆ. ನಮ್ಮ ಕಂಡಕ್ಟರ್ ಚೀಟಿ ಇಸಗೊಂಡವನೇ, ತುಂಬಿದ ಬಸ್ಸಿನ್ಯಾಗ ಎಲ್ಲಾರಿಗೂ ಕೇಳೂವಂಗ ಓದಿಬಿಟ್ಟ.

ಬಸ್ ಗಪ್ಪಾತು. ಸೀಟಿಗೆ ಜಗಳಿಲ್ಲ, "ಲಗೂ ಹೊಡಿಯೋ" ಅನ್ನೋರಿಲ್ಲ. ದಿನಾ ತನ್ನ ಹೊಲದ ಮುಂದೇ ನಿಲ್ಲಸು ಅಂತ ಬಾಯಿ ಮಾಡೋ ಮುದುಕಿ, ಹೊಲ ದಾಟಿ ಹೋದ್ರೂ ಉಸುರು ಬಿಡಲಿಲ್ಲ. ಮುಂದ ನಮ್ಮ ರಾಯಚೂರು ಕಡೆ ಜಾಲಹಳ್ಳಿ ಸ್ಟ್ಯಾಂಡಿನ್ಯಾಗ ಇಳದು, "ಸಾವಕಾಶ ಹೋಗೋ ಯಪ್ಪಾ, ನಮ್ದೇನೂ ಅವಸರಿಲ್ಲ" ಅಂದ್ಲು. ಅಷ್ಟು ವರ್ಷದಾಗ ಅವಸರಿಲ್ಲ ಅಂದಿದ್ದು ಅದೇ ಮೊದಲು. ನೋಡಿಕೊಂಡೆ, ನನ್ನ ಕೈ ಒಂದೀಟೂ ನಡಗಿದ್ದಿಲ್ಲ.

ಹದಿನೈದು ದಿನ ಮನ್ಯಾಗ ಕುಂತು ಬಂದೆ. ಆ ಆರಾಮ ಅಲ್ಲೂ ಸಿಗಲಿಲ್ಲ. ಈಗ ಚೀಟಿಗೆ ಲ್ಯಾಮಿನೇಷನ್ ಮಾಡಿಸಿ, ತಾರೀಖಿನ ಮ್ಯಾಲ ಸ್ಟಿಕ್ಕರ್ ಅಂಟಿಸಿ, ನನ್ನ ಸೀಟಿನ ಹಿಂದ ತೂಗ ಹಾಕೀನಿ. ಗಾಜಿನ ಮುಂದ ದೇವರ ಫೋಟೊನೂ ಅದ. ಅದು ನನಗ, ಚೀಟಿ ಪ್ಯಾಸೆಂಜರಿಗೆ.