ರಾಯಭಾರಿಗಳ ಸೊಸಾಯಿಟಿಯಲ್ಲಿ ಜುಮಾನಿಗೆ ಮನೆ

ಪುಣೆಗೆ ಬಂದ ಹೊಸತರಲ್ಲೇ ನಾನು ಆರಡಿ ಎತ್ತರದ ಆಫ್ರಿಕನ್ ತರುಣನೊಬ್ಬನ ತಲೆಗೆ ಕೇಸರಿ ಪೇಟ ಸುತ್ತಬೇಕಾಯಿತು. ವಿದೇಶಿ ವಿದ್ಯಾರ್ಥಿಗಳ ಸ್ನೇಹಕೂಟ. ಹಿಂದೆ ನಿಂತಿದ್ದ ನಿವೃತ್ತ ರಾಯಭಾರಿಯೊಬ್ಬರು "ಘಟ್ಟ, ಅಜೂನ್ ಘಟ್ಟ" ಎನ್ನುತ್ತಿದ್ದರು. ಇನ್ನೂ ಬಿಗಿಯಾಗಿ ಎಂದರ್ಥ. ವಿಜಯಪುರದಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಪಾಠ ಹೇಳಿದವಳಿಗೆ ಈ ಊರು ಕೊಟ್ಟ ಮೊದಲ ಕೆಲಸ ಅದು.

ಗಂಡನ ವರ್ಗಾವಣೆಯ ಬೆನ್ನಿಗೆ ಬಂದವಳು ನಾನು. ಪುಣೆಯ ಕೋಥರೂಡ ಬಡಾವಣೆಯಲ್ಲಿ ಬಾಡಿಗೆ ಮನೆ ಹಿಡಿಯುವುದೆಂದರೆ ಹೆಣ್ಣು ತೋರಿಸುವ ಶಾಸ್ತ್ರವೇ. ನಮ್ಮ ಕಡೆ ಮುಖದ ಮೇಲೆಯೇ "ಯಾವ ಮಂದಿರಿ ನೀವು?" ಎಂದು ಕೇಳಿ ಮುಗಿಸುತ್ತಾರೆ. ಇಲ್ಲಿಯವರು ಸುಸಂಸ್ಕೃತರು, ಅರ್ಧ ಕಪ್ ಚಹಾ ಕೊಟ್ಟು, ಅಡುಗೆಯಲ್ಲಿ ಏನೇನು ಮಾಡುತ್ತೀರಿ ಎಂದು ವಿಚಾರಿಸುತ್ತಾರೆ. ಜೋಳದ ರೊಟ್ಟಿ ಎಂದೆ. ಫ್ಲ್ಯಾಟಿನವರ ಸಂಘ, ಅಂದರೆ ಸೊಸಾಯಿಟಿಯ ಅಧ್ಯಕ್ಷರ ಹೆಂಡತಿ "ಅಗಂ, ಭಾಕರಿ!" ಎಂದು ಅರಳಿದರು. ಪಾಸಾದೆ. ಆ ಅಧ್ಯಕ್ಷರೇ ಪೇಟ ಸುತ್ತಿಸಿದ ರಾಯಭಾರಿಗಳು. ವಿದೇಶಿ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕಲಿಸುವ ಕೆಲಸ ಕೊಡಿಸಿದವರೂ ಅವರೇ.

ಪೇಟದ ತರುಣನ ಹೆಸರು ಜುಮಾ. ಅವನ ತಂದೆಯೂ ಹಿಂದೆ ನಮ್ಮ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಇದೇ ಪುಣೆಗೆ ಬಂದವರು. ಸದಾಶಿವ ಪೇಠದ ಹಳೆಯ ವಾಡೆಯಲ್ಲಿ, ಅಂದರೆ ನಡುವೆ ಅಂಗಳವಿರುವ ದೊಡ್ಡ ಮನೆಯಲ್ಲಿ, ಒಬ್ಬ ವಿಧವೆ ಅಜ್ಜಿ ಕೋಣೆ ಕೊಟ್ಟು, ಜ್ವರ ಬಂದಾಗ ಗಂಜಿ ಕುಡಿಸಿದ್ದರಂತೆ. ಊರಿಗೆ ಮರಳಿ ದೊಡ್ಡ ಅಧಿಕಾರಿಯಾದ ಅವರು ಮಗನಿಗೆ ಅವಲಕ್ಕಿ ಒಗ್ಗರಣೆ ತಿನ್ನಿಸಿಯೇ ಬೆಳೆಸಿದರು.

ರಾಯಭಾರಿಗಳ ಭಾಷಣಕ್ಕೆಲ್ಲ ಈ ತಂದೆಯೇ ಬಂಡವಾಳ. "ಆಗ ನಾವು ಒಬ್ಬ ಸಿತಾರ್ ವಾದಕನನ್ನು ಕಳಿಸಿದೆವು, ಅವರ ಮಕ್ಕಳನ್ನು ಓದಿಸಿದೆವು. ಇಂದು ಆ ದೇಶ ಜಾಗತಿಕ ಸಭೆಗಳಲ್ಲಿ ನಮ್ಮ ಪರ ಕೈ ಎತ್ತುತ್ತದೆ, ಬಂದರು ಕಟ್ಟುವ ಮಾತು ನಮ್ಮೊಂದಿಗೆ ಆಡುತ್ತದೆ. ವಿದೇಶಾಂಗ ನೀತಿ ಎಂದರೆ ಇದು!" ಮಾತು ಸುಳ್ಳಲ್ಲ. ಆದರೆ ಬಿತ್ತಿದವರು ಆ ಅಜ್ಜಿ. ರಾಶಿಯ ಮೇಲೆ ಕೂತವರು ಇವರು.

ಜುಮಾನ ಹೆಂಡತಿ ಬರುವವಳಿದ್ದಳು, ಗರ್ಭಿಣಿ. ನಮ್ಮ ಕೆಳಗಿನ ಫ್ಲ್ಯಾಟ್ ಖಾಲಿಯಿತ್ತು, ಮಾಲೀಕರು ಕೊಡಲು ಒಪ್ಪಿದ್ದರು. ಸೊಸಾಯಿಟಿಯ ಒಪ್ಪಿಗೆಯೂ ಬೇಕಿತ್ತು, ಸಭೆ ಕೂಡಿತು. ರಾಯಭಾರಿಗಳು ಬಹಳ ನೊಂದವರಂತೆ ಕಣ್ಣು ಮುಚ್ಚಿ, "ಮುಲಗಾ ಚಾಂಗ್ಲಾ ಆಹೆ, ಪಣ..." ಎಂದರು. ಹುಡುಗ ಒಳ್ಳೆಯವನೇ, ಆದರೆ...

"ಇವನ ತಂದೆಯ ಹೆಸರು ಹೇಳಿಯೇ ಅಲ್ಲವೇ ನೀವು ಭಾಷಣ ಮಾಡುವುದು?" ಎಂದು ನನ್ನ ಒಡಕು ಮರಾಠಿಯಲ್ಲಿ ಕೇಳಿದೆ.

"ತೇ ಸಂಬಂಧ ದೇಶಾಂಚೇ. ಹಾ ಜಿನ್ಯಾಚಾ ಪ್ರಶ್ನ." ಅವು ದೇಶಗಳ ಸಂಬಂಧ, ಇದು ನಮ್ಮ ಮೆಟ್ಟಿಲಿನ ಪ್ರಶ್ನೆ! ಆಮೇಲೆ ನನ್ನತ್ತ ಮೆಲ್ಲಗೆ ನಕ್ಕು, "ತುಮ್ಹಿ ಆಪಲ್ಯಾಚ" ಎಂದರು. ನೀವು ನಮ್ಮವರೇ. ಪುಣೆ ನನ್ನನ್ನು ಒಳಗೆ ಕರೆದುಕೊಂಡದ್ದು ಹೀಗೆ, ಇನ್ನೊಬ್ಬನನ್ನು ಹೊರಗಿಟ್ಟು.

ಜುಮಾ ಜಗಳವಾಡಲಿಲ್ಲ. ಹೆಂಡತಿಗೆ ಬರಬೇಡ ಎಂದ. "ಮೇಡಂ, ಅಪ್ಪನಿಗೆ ಇದನ್ನು ಹೇಗೆ ಹೇಳಲಿ? ಮನೆಗೆ ಬಂದವರಿಗೆಲ್ಲ ಅವರು ಈಗಲೂ ಆ ಅಜ್ಜಿಯ ಕಥೆ ಹೇಳುತ್ತಾರೆ" ಎಂದಷ್ಟೇ ಅಂದ. ವರ್ಷ ಮುಗಿಯುವ ಮುಂಚೆ ಚೀನಾದ ವಿದ್ಯಾರ್ಥಿವೇತನ ಸಿಕ್ಕಿತು, ಜೊತೆಗೆ ಸಂಸಾರಕ್ಕೆ ಮನೆಯೂ. ಹೋದ. "ಕೃತಘ್ನ" ಎಂದರು ರಾಯಭಾರಿಗಳು. ಚೀನಾ ಆಫ್ರಿಕವನ್ನು ಹೇಗೆ ಒಲಿಸಿಕೊಂಡಿತು ಎಂದು ಈಗ ಅವರೇ ಉಪನ್ಯಾಸ ಕೊಡುತ್ತಾರೆ. ಜನ ಚಪ್ಪಾಳೆ ತಟ್ಟುತ್ತಾರೆ.

ದೀಪಾವಳಿಗೆ ವಿಜಯಪುರಕ್ಕೆ ಹೋದಾಗ ಅಣ್ಣನಿಗೆ ಇದನ್ನೆಲ್ಲ ಹೇಳಿದೆ.

"ಪುಣೇದವರು ಹಂಗ ಬಿಡು. ಭಾಳ ಸಣ್ಣ ಮನಸಿನ ಮಂದಿ."

"ನಮ್ಮ ಮ್ಯಾಲಿನ ಮನಿ ಖಾಲಿ ಅದಲ್ಲ? ಅವ ಇಲ್ಲಿಗೆ ಬಂದಿದ್ರ ಕೊಡ್ತಿದ್ದ್ಯಾ?"

ಅಣ್ಣ ಕೈಯ ತುತ್ತನ್ನು ತಾಟಿಗೆ ಹಾಕಿದ. "ಹುಚ್ಚೇನ ನಿನಗ? ಓಣ್ಯಾಗ ಮಂದಿ ಏನಂತಾರ?"

ಮರುದಿನವೇ ಹೊರಟೆ. ಬಸ್ಸಿನಲ್ಲಿ ಪಕ್ಕದ ಹೆಂಗಸು ಬುತ್ತಿ ಬಿಚ್ಚುತ್ತ, "ಊರಿಗೇನ್ರಿ?" ಎಂದು ಕೇಳಿದಳು.

ಊರಿಗೆ ಎನ್ನಲಿಲ್ಲ, "ಪುಣೇಕ್ಕರಿ" ಎಂದೆ.