ಉಗುಳಿ ರುಚಿ ಹೇಳುವ ಗಂಗವ್ವ

ಗಂಗವ್ವ ಒಣದ್ರಾಕ್ಷಿ ತಿನ್ನುತ್ತಿರಲಿಲ್ಲ. ಒಂದು ಕಾಳು ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಅಗಿದು ಉಗುಳಿಬಿಡುತ್ತಿದ್ದಳು. ಜಮಖಂಡಿ ಹತ್ತಿರದ ನಮ್ಮ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಯಾವ ಮಾಲು ಒಣಹಾಕಿದ ಬಲೆಯಿಂದ ಇಳಿಸಬೇಕು, ಯಾವುದು ಇನ್ನೂ ಒಣಗಬೇಕು ಎಂದು ಹೇಳುವುದೇ ಅವಳ ಕೆಲಸ. ಹೊಸಬರು ಮುಖ ಸಿಂಡರಿಸಿದರೆ, "ನುಂಗಿದ್ರ ನಾಲಿಗಿ ಲಂಚ ತಿಂದಂಗ್ರಿ. ಎಲ್ಲಾದಕ್ಕೂ ಛಲೋ ಐತಿ ಅಂತೈತಿ," ಎನ್ನುತ್ತಿದ್ದಳು.

ಕೆಲವು ವರ್ಷಗಳ ಹಿಂದೆ ನಾನು ತೇವ ಅಳೆಯುವ ಯಂತ್ರ ತಂದೆ. ಆ ಹುರುಪಿನಲ್ಲಿ, "ಗಂಗವ್ವಾ, ವಯಸ್ಸಾತು. ಮುಂದಿನ ಹಂಗಾಮಿಗೆ ಬರಬ್ಯಾಡ, ಮನ್ಯಾಗ ಆರಾಮ ಇರು," ಎಂದುಬಿಟ್ಟೆ. ಅವಳು ಅಂದು ತನ್ನೂರು ಬನಹಟ್ಟಿಯ ಬಸ್ಸಿಗೆ ಅರ್ಧ ತಾಸು ಮೊದಲೇ ಹೊರಟಳು. ನನ್ನ ಬುದ್ಧಿಗೆ ಮಂಕು ಕವಿದಿತ್ತು.

ಅದೇ ವಾರ ವೈನ್ ತಯಾರಿಸುವ ಗೆಳೆಯನೊಬ್ಬ ಶೆಡ್ಡಿಗೆ ಇಟಲಿಯ ಕೆಂಪು ವೈನ್ ತಂದ. ಅಂಥದ್ದನ್ನೇ ಮಾಡಬೇಕು, ಅದಕ್ಕೆ ಕಪ್ಪು ದ್ರಾಕ್ಷಿಯನ್ನು ನಮ್ಮ ಶೆಡ್ಡಿನಲ್ಲಿ ಒಣಗಿಸಬೇಕೆಂಬುದು ಅವನ ಆಸೆ. ನಾನು ಒಂದು ಗುಟುಕು ಕುಡಿದು ಬಲ್ಲವನಂತೆ ತಲೆಯಾಡಿಸಿದೆ, ತಿಳಿದದ್ದು ಸೊನ್ನೆ. ಅವನು ತಮಾಷೆಗೆ ಗಂಗವ್ವನ ಕಡೆ ಲೋಟ ಚಾಚಿದ. ಕೊರಳಲ್ಲಿ ಲಿಂಗ ಕಟ್ಟಿದ ಹೆಂಗಸು, ಬೈಯುತ್ತಾಳೆಂದು ಹೆದರಿದೆ.

"ನಾ ಏನ ನುಂಗೂದಿಲ್ಲಲ್ಲ, ಕೊಡ್ರಿ," ಎಂದಳು. ಬಾಯಲ್ಲಿ ಅತ್ತಿತ್ತ ಹೊರಳಿಸಿ ಉಗುಳಿ, ನೀರಿನಿಂದ ಮುಕ್ಕಳಿಸಿದಳು.

"ಇದರಾಗ ಒಣಗಿದ ಹಣ್ಣ ಐತಿ, ಆದ್ರ ಎಲ್ಲಾ ಅಲ್ಲ. ಹಸೀ ಹಣ್ಣಿನ ರಸಾನೂ ಕೂಡೇತಿ. ಒಣಗಿದ್ದಕ್ಕ ಬಿಸಲ ಬಡದಿಲ್ಲ, ನೆಳ್ಳಾಗ ಸಾವಕಾಶ ಒಣಗಿಸ್ಯಾರ."

ಗೆಳೆಯ ಬೆಪ್ಪಾದ. "ಖರೆ ಐತಲೇ! ಇಷ್ಟ ಹೇಳಾಕ ನಾ ವರ್ಷಗಟ್ಟಲೆ ಕಲತೇನಿ. ವೈನಿನ ರುಚಿ ನಾವೂ ಹಿಂಗ ಉಗುಳೇ ನೋಡೂದು," ಎಂದ.

"ನಮ್ಮ ಗಂಗವ್ವ ಅಂದ್ರ ಏನ ತಿಳದಿ!" ಎಂದು ನಾನು ನಾಚಿಕೆಯಿಲ್ಲದೆ ಎದೆಯುಬ್ಬಿಸಿದೆ.

"ಹಂಗಾದ್ರ ಮುಂದಿನ ಹಂಗಾಮಿಗೆ ನಾ ಬರಬೇಕೋ, ಬ್ಯಾಡೋ? ಅದನ್ನ ಹೇಳ್ರಿ," ಎಂದಳು ಗಂಗವ್ವ.

ಎಲ್ಲರೆದುರೇ ಕೈ ಮುಗಿದೆ. ಆಮೇಲೆ ಅವಳು ಒಂದು ಹಂಗಾಮೂ ತಪ್ಪಿಸಲಿಲ್ಲ.

ಈ ವರ್ಷ ಹಾಸಿಗೆ ಹಿಡಿದಳು. ಮಾಲು ಇಳಿಸುವ ಮೊದಲು ಹಿಡಿಯಷ್ಟು ಕಾಳು ಅವಳ ಮನೆಗೆ ಒಯ್ದೆ. ಯಂತ್ರ ಆಗಲೇ ಸಾಕೆಂದಿತ್ತು. ಅವಳು ಮಲಗಿದಲ್ಲೇ ಒಂದು ಕಾಳು ಅಗಿದು, "ಇನ್ನ ಮೂರು ದಿನ ಬೇಕ್ರಿ," ಎಂದಳು. ಮರುದಿನ ಬೆಳಿಗ್ಗೆ ತೀರಿಕೊಂಡಳು.

ಮಣ್ಣು ಕೊಟ್ಟು ಬಂದ ಮರುದಿನ ವ್ಯಾಪಾರಿಯ ಲಾರಿ ಶೆಡ್ಡಿನ ಮುಂದೆ ನಿಂತಿತು. ಮಾಲು ಆಗಿದೆಯಲ್ಲ ಎಂದು ಡ್ರೈವರ್ ಜಗಳಕ್ಕೇ ಬಂದ.

"ಗಂಗವ್ವ ಮೂರು ದಿನ ಅಂದಾಳ. ಇವತ್ತಿಗೆ ಎರಡ ಆಗ್ಯಾವ. ನಾಳಿ ಬಾ," ಎಂದು ಲಾರಿ ತಿರುಗಿಸಿ ಕಳಿಸಿದೆ.